ಕನ್ನಡ ನಾಡಿನ ಮಾಗಿಯ ಆಹಾರ

ವರ್ಷಕ್ಕೆ ಋತುಗಳು ಆರೆಂಬುದು ಲೋಕಪ್ರಸಿದ್ಧವಾದರೂ, ಐತರೇಯ ಬ್ರಾಹ್ಮಣದ ಆರಂಭದಲ್ಲಿಯೇ ಹೇಮಂತ ಶಿಶಿರಗಳನ್ನು ಕೂಡಿಸಿ ಒಂದೆಂದೆಣಿಸಿ ಋತುಗಳು ಐದೆಂದು ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕನ್ನಡ ನಾಡಿನ ಒಕ್ಕಲುಮಗನು ಶ್ರುತಿಯನ್ನು ಓದಿದವನಲ್ಲದಿದ್ದರೂ ಈ ವಿಷಯದಲ್ಲಿ ಶ್ರುತಿಯ ಮತವನ್ನೇ ಹಿಡಿದಿರುವನು. ಮಾರ್ಗಶಿರದಿಂದ ಮಾಘದವರೆಗಿನ ಚಳಿಗಾಲವೆಲ್ಲವೂ ಅವನಿಗೆ ಒಂದೇ; ಅದರ ಹೆಸರು ಮಾಗಿ. ಮಾಘ ಶಬ್ದದ ತದ್ಭವವಾದ ಈ ಮಾತು ಒಂದು ತಿಂಗಳಿಗೆ ಮಾತ್ರ ಸಲ್ಲದೆ ಚಳಿಗಾಲಕ್ಕೆಲ್ಲ ಹೆಸರಾಗಿ ನಿಂತಿದೆ. ಮಾಗಿಯ ಚಳಿ, ಮಾಗಿಯ ಉಳುಮೆ ಎಂಬ ಪ್ರಯೋಗಗಳಲ್ಲಿ ಪಂಚಾಂಗದ ತಿಂಗಳಿಗಿಂತಲೂ ಮೈಗೆ ತಾಗುವ ಕಾಲವೇ ಮುಖ್ಯಾರ್ಥವೆಂಬುದು ಸ್ಪಷ್ಟವಾಗಿದೆ. ಈ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

ಈ ಕಾಲದಲ್ಲಿ ಕನ್ನಡಿಗರು ಆದರದಿಂದ ಉಣ್ಣುವ ಕೆಲವು ಪದಾರ್ಥಗಳುಂಟು. ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳುಬೆಲ್ಲ, ಮೈಸೂರು ಸೀಮೆಯ ಅವರೆಕಾಳಿನ ಸಾರು, ಉತ್ತರದ ಬಯಲುಸೀಮೆಯ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಮಲೆನಾಡಿನ ಆಲೆಮನೆಯ ತಿನಿಸುಗಳು, ಇವೇ ಮೊದಲಾದವು. ಇವುಗಳ ಮೂಲವನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಪೂರ್ವಿಕರು ವೈದ್ಯಶಾಸ್ತ್ರದ ಋತುಚರ್ಯೆಯನ್ನೇ ವ್ರತರೂಪವಾಗಿ ಮಾರ್ಪಡಿಸಿ ಜನರಿಗೆ ಉಣಿಸಿದರೆಂಬುದು ಒಂದು. ಇವೆಲ್ಲವೂ ದೇವತಾಪ್ರೀತ್ಯರ್ಥವಾಗಿ ಹುಟ್ಟಿದ ನೈವೇದ್ಯಗಳು, ಪಥ್ಯಾಪಥ್ಯವಿಚಾರವು ಪಂಡಿತರು ಅವುಗಳಿಗೆ ಆಮೇಲೆ ಅಂಟಿಸಿದ್ದು ಎಂಬುದು ಮತ್ತೊಂದು. ಗ್ರಂಥಗಳನ್ನೂ ಅಡಿಗೆಯ ಮನೆಯನ್ನೂ ಕೂಡಿಸಿ ನೋಡಿದರೆ ಎರಡು ಪಕ್ಷಗಳೂ ನಿಲ್ಲುವಂತೆ ತೋರುವುದಿಲ್ಲ.

ಮೊದಲು ವೈದ್ಯರ ಮತವೇನೆಂಬುದನ್ನು ನೋಡಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಋತುಚರ್ಯೆಯ ನಿರೂಪಣೆಯಿದೆ. ಹೇಮಂತದಲ್ಲಿ ಹೊರಗಿನ ಶೀತವಾಯುವಿನ ಸ್ಪರ್ಶದಿಂದ ದೇಹದೊಳಗಿನ ಅಗ್ನಿಯು ಹೊರಕ್ಕೆ ಹರಿಯಲಾರದೆ ಒಳಗೆಯೇ ಅಡಗಿ ಪ್ರಬಲವಾಗುವುದೆಂದೂ, ಅದಕ್ಕೆ ತಕ್ಕ ಇಂಧನವು ದೊರೆಯದಿದ್ದರೆ ಅದು ದೇಹದ ರಸವನ್ನೇ ಸುಡುವುದೆಂದೂ, ಅದರಿಂದ ವಾತವು ಕೆರಳುವುದೆಂದೂ ಅಲ್ಲಿನ ಯುಕ್ತಿ. ಆದುದರಿಂದ ಸ್ನಿಗ್ಧವಾದ, ಹುಳಿಯೂ ಉಪ್ಪೂ ಉಳ್ಳ ಗುರುವಾದ ಆಹಾರವೂ, ಕೊಬ್ಬಿದ ಪ್ರಾಣಿಗಳ ಮಾಂಸವೂ, ಹಾಲಿನಿಂದಲೂ ಕಬ್ಬಿನಿಂದಲೂ ಆದ ಪದಾರ್ಥಗಳೂ, ಎಣ್ಣೆಯೂ, ಹೊಸ ಅಕ್ಕಿಯ ಅನ್ನವೂ, ಬಿಸಿನೀರೂ ವಿಹಿತವಾಗಿವೆ. ಅಷ್ಟಾಂಗಹೃದಯದ ಮೂರನೆಯ ಅಧ್ಯಾಯದಲ್ಲಿ ವಾಗ್ಭಟನು ಇದನ್ನೇ ಸಂಗ್ರಹಿಸಿ ಗೋಧಿ, ಹಿಟ್ಟು, ಉದ್ದು ಇವುಗಳ ಭಕ್ಷ್ಯಗಳನ್ನು ಹೆಸರಿಸುವನು. ಹೇಮಂತದ ರಾತ್ರಿಗಳು ದೀರ್ಘವಾದುದರಿಂದ ಬೆಳಗಾಗುತ್ತಲೇ ಹಸಿವಾಗುವುದೆಂಬ ಸೂಕ್ಷ್ಮವಾದ ಮಾತನ್ನೂ ಅವನು ಆಡಿರುವನು. ಶಿಶಿರಕ್ಕೂ ಇದೇ ಚರ್ಯೆ. ಶೈತ್ಯವೂ ರೂಕ್ಷತೆಯೂ ಹೆಚ್ಚಾದುದರಿಂದ ಇನ್ನಷ್ಟು ನಿಷ್ಠೆಯಿಂದ ಆಚರಿಸತಕ್ಕದ್ದು.

ಹೊಸ ಅಕ್ಕಿಯ ವಿಷಯವು ಇಲ್ಲಿ ವಿಚಾರಣೀಯವಾಗಿದೆ. ಹೊಸ ಧಾನ್ಯವು ಅಭಿಷ್ಯಂದಿ ಎಂದರೆ ಸ್ರೋತಸ್ಸುಗಳನ್ನು ಕಟ್ಟುವಂಥದು, ಒಂದು ವರ್ಷ ಹಳೆಯದಾದುದು ಲಘು ಎಂದು ವಾಗ್ಭಟನೇ ಅನ್ನದ ಪ್ರಕರಣದಲ್ಲಿ ಸಾಮಾನ್ಯವಾಗಿ ವಿಧಿಸಿರುವನು. ಹೇಮಂತದಲ್ಲಿ ಮಾತ್ರ ಆ ವಿಧಿಗೆ ಅಪವಾದ. ಅಗ್ನಿಯು ಬಲವಾಗಿರುವುದರಿಂದ ಗುರುವಾದದ್ದೂ ಜೀರ್ಣಿಸುವುದೆಂಬುದು ಶಾಸ್ತ್ರದ ಸಮಾಧಾನ. ಅದು ಯುಕ್ತವೇ ಸರಿ. ಆದರೆ ಕಾರ್ತಿಕ ಮಾರ್ಗಶಿರಗಳಲ್ಲಿ ಬತ್ತವು ಕೊಯ್ಲಾಗಿ ಕಣಕ್ಕೆ ಬರುವುದೆಂಬುದನ್ನೂ, ಆ ವೇಳೆಗೆ ಬಡವನ ಮನೆಯ ಹಳೆಯ ಕಣಜವು ಬರಿದಾಗಿರುವುದೆಂಬುದನ್ನೂ ಮರೆಯತಕ್ಕದ್ದಲ್ಲ. ಹಸಿದವನ ಎದುರಿಗೆ ಹೊಸ ಅಕ್ಕಿ ಬಂದು ಬಿದ್ದಿರುವಾಗ ಬರುವ ವರ್ಷದವರೆಗೆ ಕಾದಿರು ಎಂದು ಹೇಳುವ ವೈದ್ಯನ ಮಾತನ್ನು ಯಾರೂ ಕೇಳುವಂತಿಲ್ಲ. ಲೋಕದ ಅನಿವಾರ್ಯವಾದ ಆಚಾರವನ್ನು ಕಂಡು ಶಾಸ್ತ್ರವು ಅದಕ್ಕೆ ಉಪಪತ್ತಿಯನ್ನು ಕಲ್ಪಿಸಿತೋ, ಉಪಪತ್ತಿಯಿಂದ ಆಚಾರವು ಹುಟ್ಟಿತೋ ಎಂಬ ಪ್ರಶ್ನೆಯು ಇಲ್ಲಿಂದಲೇ ಮೊದಲಾಗುವುದು.

ಮತ್ತೊಂದು ಅಂಶ. ಚರಕಸಂಹಿತೆಯಲ್ಲಿ ಆತ್ರೇಯನ ಉಪದೇಶವು ನಡೆದ ಸ್ಥಳಗಳೆಂದು ಹಿಮವತ್ಪಾರ್ಶ್ವವೂ ಪಾಂಚಾಲದ ಕಾಂಪಿಲ್ಯವೂ ಉಕ್ತವಾಗಿವೆ. ವಾಗ್ಭಟನ ಜನ್ಮದೇಶವು ಸಿಂಧು. ಆ ದೇಶಗಳ ಚಳಿಯೇ ಬೇರೆ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆಯ ಉಷ್ಣತೆಯು 1884ನೆಯ ಜನವರಿ 13ರಂದು 7.8 ಡಿಗ್ರಿ ಸೆಂಟಿಗ್ರೇಡ್. ಉತ್ತರದ ಬಯಲುಗಳಲ್ಲಿ ಇಂಥ ಚಳಿ ವರ್ಷವರ್ಷವೂ ಬರತಕ್ಕದ್ದು. ಆದುದರಿಂದ ಉತ್ತರದವರಿಗೆಂದು ಹುಟ್ಟಿದ ಋತುಚರ್ಯೆಯನ್ನು ಕನ್ನಡಿಗರು ಅಕ್ಷರಶಃ ಆಚರಿಸಿದ್ದರೆ ಅಜೀರ್ಣವೇ ಫಲವಾಗುತ್ತಿತ್ತು. ಜಾಂಗಲ, ಆನೂಪ, ಸಾಧಾರಣವೆಂದು ದೇಶಭೇದವನ್ನು ಹೇಳಿ ಅದರಂತೆ ಆಹಾರವನ್ನು ನಿಶ್ಚಯಿಸಬೇಕೆಂದು ಆ ಆಚಾರ್ಯರೇ ವಿಧಿಸಿರುವುದರಿಂದ, ಅಕ್ಷರಶಃ ಆಚರಿಸದಿರುವುದೂ ಶಾಸ್ತ್ರಸಮ್ಮತವೇ.

ಕನ್ನಡ ನಾಡಿನ ಗ್ರಂಥಕರ್ತರು ಏನು ಹೇಳುವರು? ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಪ್ರತ್ಯೇಕ ಸ್ಥಳವಿದೆ. ಅವನು ಹೇಳುವ ಇಡ್ಡಲಿಗೆಯಲ್ಲಿ ಅಕ್ಕಿಯೇ ಇಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನು ಕೂಡಿಸಿ, ಜೀರಿಗೆ ಮೆಣಸು ಇಂಗುಗಳನ್ನು ಹಾಕುವುದು ಅದರ ಕ್ರಮ. ಅದೇ ವಂಶದ ಮುಮ್ಮಡಿ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿಯೂ ಬರಿಯ ಉದ್ದಿನ ಇಡ್ಡರಿಕೆ ಬರುವುದು. ಅದನ್ನು ತುಪ್ಪದಲ್ಲಿ ಕರಿದು ಮೆಣಸು ಜೀರಿಗೆ ಇಂಗುಗಳಿಂದ ಸಂಸ್ಕರಿಸುವರು. ಈ ಅರಸನು ಯಾವ ಋತುವಿನಲ್ಲಿ ಯಾವ ರಸವು ಪ್ರಧಾನವಾಗಿರಬೇಕೆಂಬುದನ್ನೂ ಹೇಳಿ, ಹೇಮಂತಕ್ಕೆ ಸ್ನಿಗ್ಧವೂ ಉಷ್ಣವೂ ಆದುದನ್ನು, ಶಿಶಿರಕ್ಕೆ ಉಷ್ಣವೂ ಆಮ್ಲವೂ ಆದುದನ್ನು ವಿಧಿಸಿರುವನು. ಉದ್ದು, ತುಪ್ಪ, ಮಾಂಸ ಇವು ಸಮೃದ್ಧವಾಗಿದ್ದ ಅರಮನೆಯಲ್ಲಿ ವಾಗ್ಭಟನ ಋತುಚರ್ಯೆಯು ಬಹುಮಟ್ಟಿಗೆ ನಡೆಯುತ್ತಿತ್ತೆಂದು ಇದರಿಂದ ಊಹಿಸಬಹುದು. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಮಾಂಸದ ಪ್ರಸ್ತಾಪವೇ ಇಲ್ಲ, ಅವನು ಜೈನನಾದುದರಿಂದ. ಆದರೆ ಈ ಮೂವರಲ್ಲಿ ಒಬ್ಬನು ಅರಸನು, ಒಬ್ಬನು ಅರಸರ ಆಶ್ರಿತನು, ಒಬ್ಬನು ಪ್ರಭುಕುಲದವನು. ಊರಿನ ಮನೆಗಳಲ್ಲಿ ಮಾಗಿಯ ಬೆಳಗಿನಲ್ಲಿ ಏನು ಬೇಯುತ್ತಿತ್ತೆಂಬುದಕ್ಕೆ ಗ್ರಂಥಗಳಿಗಿಂತಲೂ ನಡೆದುಬಂದಿರುವ ಆಚಾರವೇ ಹೆಚ್ಚಿನ ಪ್ರಮಾಣವೆಂದು ಒಪ್ಪಬೇಕಾಗಿದೆ.

ಆಚಾರಗಳಲ್ಲಿ ಮೊದಲು ಪರಿಶೀಲಿಸತಕ್ಕದ್ದು ಧನುರ್ಮಾಸದ ಹುಗ್ಗಿ. ಸೂರ್ಯನು ಧನೂರಾಶಿಯಲ್ಲಿರುವ ತಿಂಗಳೆಲ್ಲ, ಈಚೆಗೆ ಡಿಸೆಂಬರ್ 16ರ ಸುಮಾರಿನಿಂದ ಸಂಕ್ರಾಂತಿಯವರೆಗೆ, ಅರುಣೋದಯಕ್ಕೆ ಮುಂಚೆಯೇ ಎದ್ದು ಸ್ನಾನಮಾಡಿ ಪೂಜೆಯನ್ನು ಮುಗಿಸಿ ಮುದ್ಗಾನ್ನವನ್ನು ನಿವೇದಿಸುವರು. ಹೊಸ ಅಕ್ಕಿಯೂ ಹೆಸರುಬೇಳೆಯೂ ಕೂಡಿ ಮೆತ್ತಗೆ ಬೆಂದ ಮೇಲೆ ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ, ಕೈತುಂಬ ತುಪ್ಪ. ಬೆಲ್ಲವನ್ನು ಹಾಕಿದರೆ ಸಿಹಿ ಹುಗ್ಗಿ. ಖಾರದ ಹುಗ್ಗಿಗೆ ಹುಣಿಸೆಯ ಗೊಜ್ಜು ಜೊತೆ. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನದವರೆಗೆ ಏನನ್ನೂ ಮುಟ್ಟದ ವೈದಿಕನೂ ಈ ತಿಂಗಳು ಸೂರ್ಯೋದಯದ ಹೊತ್ತಿಗೆ ಬಿಸಿಬಿಸಿಯಾಗಿ ಉಂಡು ಏಳುವನು. ದೀರ್ಘರಾತ್ರಿಯ ಹಸಿವನ್ನು ಕುರಿತ ವಾಗ್ಭಟನ ಮಾತು ಇಲ್ಲಿ ಪ್ರತ್ಯಕ್ಷವಾಗುವುದು. ವೈದ್ಯಪಕ್ಷದವರಿಗೆ ಇದಕ್ಕಿಂತ ಬಲವಾದ ಸಾಧನವು ಬೇರೆ ಇಲ್ಲ.

ಆದರೆ ಹಾಗೆಂದು ಅವರು ಗೆದ್ದಂತಾಗಲಿಲ್ಲ. ಹೇಮಂತಕ್ಕೆ ವೈದ್ಯರು ವಿಧಿಸಿದ್ದು ಉದ್ದು. ಹುಗ್ಗಿಯಲ್ಲಿ ಬೀಳುವುದು ಹೆಸರು. ಉದ್ದು ಗುರು, ಹೆಸರು ಲಘು. ಹೆಸರುಬೇಳೆಯನ್ನು ಚರಕನು ಯಾವುದೇ ಋತುವಿನ ವಿಶೇಷಾಹಾರವೆಂದು ಹೇಳದೆ ಅಕ್ಕಿ, ಸೈಂಧವ, ನೆಲ್ಲಿಕಾಯಿ, ಹಾಲು, ತುಪ್ಪ ಇವುಗಳೊಡನೆ ನಿತ್ಯಸೇವನೆಗೆ ಯೋಗ್ಯವಾದ ವರ್ಗದಲ್ಲಿ ಸೇರಿಸಿರುವನು. ಹಾಗಾದರೆ ವೈದ್ಯನು ವ್ರತವನ್ನು ಕಟ್ಟಿದ್ದರೆ ಉದ್ದಿನ ಹುಗ್ಗಿಯನ್ನೇ ಕಟ್ಟುತ್ತಿರಲಿಲ್ಲವೆ? ಇದಕ್ಕೆ ದೇಶಭೇದದಿಂದ ಸಮಾಧಾನವನ್ನು ಹೇಳಬಹುದು. ಮಿತವಾದ ಚಳಿಯಲ್ಲಿ ಅಗ್ನಿಯೂ ಮಿತವಾಗಿಯೇ ಹೆಚ್ಚುವುದು. ಅದಕ್ಕೆ ಲಘುವಾದ ಹೆಸರಿಗೆ ತುಪ್ಪವನ್ನು ಸೇರಿಸಿ ಸ್ನಿಗ್ಧಮಾಡಿದರೆ ಸಾಕು. ತುಪ್ಪ, ಮೆಣಸು, ಶುಂಠಿಗಳು ಚಳಿಗೆ. ಹೆಸರು ಈ ನಾಡಿಗೆ. ಯಾರು ಹೀಗೆ ಲೆಕ್ಕಹಾಕಿದರೆಂದು ಕೇಳಿದರೆ, ಒಲೆಯ ಮುಂದೆ ಕುಳಿತ ಗೃಹಿಣಿಯರು ಎನ್ನುವುದಲ್ಲದೆ ಬೇರೆ ಉತ್ತರವಿಲ್ಲ.

ಹುಗ್ಗಿಯಲ್ಲಿ ಒಣಮೆಣಸಿನಕಾಯಿ ಬೀಳದಿರುವುದನ್ನೂ ಗಮನಿಸಬೇಕು. ಮೆಣಸಿನಕಾಯಿಯು ಅಮೆರಿಕದ ಗಿಡ. ಪೋರ್ಚುಗೀಸರು ಬಂದ ಮೇಲೆ, 16ನೆಯ ಶತಮಾನದಿಂದೀಚೆಗೆ, ಈ ದೇಶಕ್ಕೆ ಬಂದದ್ದು. ಸಾರು ಹುಳಿಗಳೆಲ್ಲವೂ ಅದಕ್ಕೆ ಒಲಿದ ಮೇಲೂ ಹುಗ್ಗಿಯು ಕರಿಮೆಣಸನ್ನು ಬಿಡಲಿಲ್ಲ. ಚಾವುಂಡರಾಯನ, ಸೋಮೇಶ್ವರನ ಪಾಕಗಳಲ್ಲಿ ಬರುವ ಮೆಣಸು ಜೀರಿಗೆಗಳ ಜೋಡಿಯು ಹುಗ್ಗಿಯಲ್ಲಿ ಅವಿಚ್ಛಿನ್ನವಾಗಿ ಉಳಿದಿದೆ. ದೇವರ ನೈವೇದ್ಯವಾದುದರಿಂದಲೇ ಹಳೆಯ ರೂಪವು ಕೆಡದೆ ನಿಂತಿತೆಂಬಷ್ಟರ ಮಟ್ಟಿಗೆ ಎರಡನೆಯ ಪಕ್ಷದವರ ಮಾತೂ ಗ್ರಾಹ್ಯವೇ. ವ್ರತವು ಹುಗ್ಗಿಯನ್ನು ಹುಟ್ಟಿಸಿತೆಂದು ಹೇಳಲಾಗದು, ಕಾಪಾಡಿತೆನ್ನಬಹುದು. ಹುಗ್ಗಿ ಎಂಬ ಶಬ್ದವು ಉತ್ತರ ಕರ್ನಾಟಕದಲ್ಲಿ ಹೆಸರುಬೇಳೆಯ ಅನ್ನಕ್ಕಲ್ಲದೆ ಕುಟ್ಟಿದ ಗೋಧಿಯನ್ನು ಬೆಲ್ಲದೊಡನೆ ಬೇಯಿಸಿದ ಸಿಹಿಗೆ ಸಲ್ಲುವುದೆಂಬುದೂ ಸ್ಮರಣೀಯ. ವಾಗ್ಭಟನು ಹೇಮಂತಕ್ಕೆ ಹೇಳಿದ ಗೋಧಿಯು ಬೆಳೆಯುವ ಕಡೆ ಗೋಧಿಯ ಹುಗ್ಗಿ, ಬತ್ತ ಬೆಳೆಯುವ ಕಡೆ ಅಕ್ಕಿಯ ಹುಗ್ಗಿ. ಹೆಸರು ಒಂದೇ, ಧಾನ್ಯವು ಹೊಲದ ಅಧೀನ.

ಅವರೆಕಾಯಿಯ ವಿಷಯಕ್ಕೆ ಬಂದರೆ ವೈದ್ಯಪಕ್ಷವು ಸಂಪೂರ್ಣವಾಗಿ ಸೋಲುವುದು. ಅವರೆಯು ಸಂಸ್ಕೃತದ ನಿಷ್ಪಾವ. ಅದು ವಾತವನ್ನೂ ಪಿತ್ತವನ್ನೂ ರಕ್ತದೋಷವನ್ನೂ ಹೆಚ್ಚಿಸುವುದು, ಗುರು, ವಿದಾಹಿ, ಕಣ್ಣಿಗೂ ಶುಕ್ರಕ್ಕೂ ಅಹಿತವೆಂದು ವಾಗ್ಭಟನು ನಿಂದಿಸಿರುವನು. ಚಳಿಗಾಲದಲ್ಲಿ ಕೆರಳುವ ವಾತವನ್ನು ಅಡಗಿಸುವುದೇ ಋತುಚರ್ಯೆಯ ಪ್ರಯೋಜನವಾಗಿರುವಲ್ಲಿ ವಾತಕರವಾದ ಕಾಳನ್ನು ಮಾಗಿಯುದ್ದಕ್ಕೂ ತಿನ್ನುವುದೆಂದರೆ ಶಾಸ್ತ್ರಕ್ಕೆ ನೇರವಾದ ವಿರೋಧವೇ. ಆದರೂ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಮಂಡ್ಯ ಸೀಮೆಗಳಲ್ಲಿ ಮಾಗಿಯೆಂದರೆ ಅವರೆಯೇ. ಮಂಜು ಬಿದ್ದ ಬೆಳಗಿನಲ್ಲಿ ಕಿತ್ತ ಕಾಯಿಯ ಸಿಪ್ಪೆಗೆ ಅಂಟಿಕೊಂಡಿರುವ ಜಿಡ್ಡಿನ ಕಂಪನ್ನು ಸೊಗಡೆಂದು ಕರೆಯುವರು. ಸೊಗಡಿಲ್ಲದ ಅವರೆಯನ್ನು ಬಲ್ಲವರು ಕೊಳ್ಳುವುದಿಲ್ಲ. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಹೆಬ್ಬೆರಳು ತೋರುಬೆರಳುಗಳಿಂದ ಒಂದೊಂದನ್ನೇ ಹಿಸುಕಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವರು. ಇದೇ ಹಿತಕಿದ ಬೇಳೆ. ಮನೆಮಂದಿಯೆಲ್ಲ ಸುತ್ತ ಕುಳಿತು ಮಾಡುವ ಈ ಕೆಲಸವು ಮುಗಿಯುವಷ್ಟರಲ್ಲಿ ಬೆರಳುಗಳು ಮುದುರಿರುವುವು. ಆ ಬೇಳೆಯ ಸಾರಿಗೆ ತೆಂಗಿನಕಾಯಿ, ಶುಂಠಿ, ಕೊತ್ತಂಬರಿ, ಮೆಣಸುಗಳನ್ನು ಅರೆದು ಹಾಕಿ ಇಂಗಿನ ಒಗ್ಗರಣೆಯನ್ನು ಕೊಡುವರು. ಜೊತೆಗೆ ಹಬೆಯಾಡುವ ರಾಗಿಯ ಮುದ್ದೆ. ಇಂಗೂ ಶುಂಠಿಯೂ ವಾತಹರಗಳು; ಶಾಸ್ತ್ರವು ಕಂಡ ದೋಷವನ್ನು ಒಗ್ಗರಣೆಯಿಂದ ಕಳೆದರೆಂದು ಹೇಳಬಹುದು. ಅವರೆಯನ್ನು ಬಿಡಬೇಕೆಂದು ಮಾತ್ರ ಯಾರಿಗೂ ತೋರಲಿಲ್ಲ.

ಬೇಯಿಸಿದ ಕಾಳಿನ ಪ್ರಸಕ್ತಿ ಬಂದುದರಿಂದ ಒಂದು ಮಾತು. ದಣಿದು ಬಂದ ವೀರಬಲ್ಲಾಳನಿಗೆ ಒಬ್ಬ ಮುದುಕಿಯು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ಬೆಂದಕಾಳೂರು ಎಂಬ ಹೆಸರು ಬಂದು ಬೆಂಗಳೂರಾಯಿತೆಂದೂ ಇರುವ ಕಥೆಯು ಇತಿಹಾಸವಲ್ಲ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ, 9ನೆಯ ಶತಮಾನದ ಅಂತ್ಯಭಾಗದ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಹಸಿದವನಿಗೆ ಬೆಂದ ಕಾಳಿಗಿಂತ ಮಿಗಿಲಾದ ದಾನವಿಲ್ಲವೆಂಬ ಈ ಸೀಮೆಯವರ ಭಾವನೆಗೆ ಆ ಕಥೆಯು ಸಾಕ್ಷಿಯಾಗಬಹುದು. ಅಷ್ಟೇ ಅದರ ಪ್ರಯೋಜನ.

ಮಲೆನಾಡಿನಲ್ಲಿ ಮಾಗಿಯು ಆಲೆಮನೆಯ ಕಾಲ. ಸಾಗರ ಶಿರಸಿಗಳ ಕಡೆ ಗಾಣಗಳನ್ನು ಹೂಡಿ, ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಅಚ್ಚಿಗೆ ಹೊಯ್ಯುವಷ್ಟು ಗಟ್ಟಿಯಾಗುವುದಕ್ಕೆ ಮುಂಚೆಯೇ ಇಳಿಸಿದರೆ ಜೋನಿಬೆಲ್ಲವಾಗುವುದು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಯ ಹಿಟ್ಟನ್ನು, ಬೆಂಕಿಯ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಬಟ್ಟೆಯಿಂದ ತೆಳ್ಳಗೆ ಸವರಿ ಎಬ್ಬಿಸಿದ ತೊಡೆದೇವು ಎಂಬ ತಿನಿಸು ಆ ಸೀಮೆಯದೇ. ಚಳಿಯ ರಾತ್ರಿಯಲ್ಲಿ ಕೊಪ್ಪರಿಗೆಯ ಉರಿಯ ಸುತ್ತ ಕುಳಿತು ಬಿಸಿಯ ಬೆಲ್ಲವನ್ನು ಎಲೆಯಲ್ಲಿ ಹಿಡಿದು ತಿನ್ನುವುದು ಹಬ್ಬವೂ ಅಲ್ಲ, ವ್ರತವೂ ಅಲ್ಲ. ಕಬ್ಬಿನ ವಿಕಾರಗಳು ಹೇಮಂತಕ್ಕೆ ಹಿತವೆಂದು ಚರಕನು ಹೇಳಿರುವನು, ಹೊಸ ಬೆಲ್ಲವು ಕಫವನ್ನು ಹೆಚ್ಚಿಸಿ ಅಗ್ನಿಯನ್ನು ಕುಂದಿಸುವುದೆಂದು ವಾಗ್ಭಟನು ಹೇಳಿರುವನು. ಆಲೆಮನೆಯಲ್ಲಿ ಕುಳಿತವನು ಇಬ್ಬರಲ್ಲಿ ಯಾರನ್ನೂ ಕೇಳುವುದಿಲ್ಲ.

ಉತ್ತರದ ಬಯಲುಸೀಮೆಯಲ್ಲಿ ವಿಜಯಪುರ, ಕಲಬುರಗಿ, ಬೀದರುಗಳ ಕಡೆ ಮಾರ್ಗಶಿರ ಬಹುಳ ಅಮಾವಾಸ್ಯೆಯು ಎಳ್ಳಮಾವಾಸ್ಯೆ. ಹಿಂಗಾರಿಯ ಜೋಳವು ಎದೆಯೆತ್ತರಕ್ಕೆ ನಿಂತಿರುವ ಹೊಲಕ್ಕೆ ಮನೆಮಂದಿಯೆಲ್ಲ ಬಂಡಿಯಲ್ಲಿ ಬುತ್ತಿಯನ್ನು ಹೇರಿಕೊಂಡು ಹೋಗಿ, ಭೂತಾಯಿಗೆ ಪೂಜೆಮಾಡಿ, ಚರಗವನ್ನು ಚೆಲ್ಲಿ, ಅಲ್ಲಿಯೇ ಉಣ್ಣುವರು. ಸಜ್ಜೆಯ ಕಡುಬು, ಎಳ್ಳಿನ ಹೋಳಿಗೆ, ಕಾಳುಪಲ್ಯಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಇವು ಆ ದಿನದ ಊಟ. ಸಂಕ್ರಾಂತಿಯ ಹಿಂದಿನ ದಿನವಾದ ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ ಬದನೆಕಾಯಿಯ ಎಣ್ಣೆಗಾಯಿಯೂ ತಪ್ಪವು. ಸಜ್ಜೆಯು ಉಷ್ಣ, ಬೇಸಿಗೆಯಲ್ಲಿ ಆಗದು ಎಂದು ಅಲ್ಲಿನವರ ಅನುಭವ. ಇಲ್ಲಿಯೂ ಹೊಲದಲ್ಲಿ ನಿಂತಿರುವುದು, ಕಣಕ್ಕೆ ಬಂದಿರುವುದು ಯಾವುದೋ ಅದೇ ದೇವರಿಗೆ, ಅದೇ ಜನಕ್ಕೆ.

ಎಳ್ಳುಬೆಲ್ಲದಲ್ಲಿ ಮಾತ್ರ ವೈದ್ಯ, ಧರ್ಮಶಾಸ್ತ್ರ, ಹೊಲ ಮೂರೂ ಕೂಡಿಕೊಂಡಿವೆ. ಎಳ್ಳು ಉಷ್ಣ, ಗುರು, ಬಲಕರ, ಚರ್ಮಕ್ಕೆ ಹಿತವೆಂದು ವಾಗ್ಭಟನ ಮತ. ಎಳ್ಳನ್ನು ಅರೆದು ಮೈಗೆ ಹಚ್ಚುವುದು, ಎಳ್ಳು ಬೆರಸಿದ ನೀರಿನಲ್ಲಿ ಮೀಯುವುದು, ತಿಲಹೋಮ, ತಿಲತರ್ಪಣ, ತಿಲಭಕ್ಷಣ, ತಿಲದಾನ ಎಂದು ಆರು ವಿಧವಾದ ಉಪಯೋಗವನ್ನು ನಿಬಂಧಕಾರರು ಹೇಳುವರು. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು 13ನೆಯ ಶತಮಾನದಲ್ಲಿ ವ್ರತದಾನಾದಿಗಳಿಗೆ ಚತುರ್ವರ್ಗಚಿಂತಾಮಣಿಯೆಂಬ ಮಹಾನಿಬಂಧವನ್ನು ರಚಿಸಿದನು. ಅಷ್ಟಾಂಗಹೃದಯಕ್ಕೆ ಆಯುರ್ವೇದರಸಾಯನವೆಂಬ ವ್ಯಾಖ್ಯಾನವನ್ನು ಬರೆದವನೂ ಅವನೇ. ಕನ್ನಡ ಶಾಸನಗಳನ್ನು ಹಾಕಿಸಿದ ಆ ರಾಜ್ಯದಲ್ಲಿ ಒಬ್ಬನೇ ವಿದ್ವಾಂಸನ ಕೈಯಲ್ಲಿ ವ್ರತವೂ ಪಥ್ಯವೂ ಇದ್ದುದರಿಂದ ಎರಡೂ ಒಂದಕ್ಕೊಂದು ಹೆಣೆದುಕೊಂಡದ್ದು ಆಶ್ಚರ್ಯವಲ್ಲ. ಆದರೆ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ಮನೆಮನೆಗೆ ಬೀರುವ ಎಳ್ಳಿನಲ್ಲಿ ಹೇಮಾದ್ರಿಯು ಕಾಣದ ವಸ್ತುವೂ ಒಂದುಂಟು. ಬಿಳಿಯ ಎಳ್ಳು, ಹೆಚ್ಚಿ ಒಣಗಿಸಿದ ಕೊಬ್ಬರಿ ಮತ್ತು ಅಚ್ಚುಬೆಲ್ಲ, ಹುರಿಗಡಲೆ ಇವುಗಳ ನಡುವೆ ಸಿಪ್ಪೆ ತೆಗೆದು ಹುರಿದ ಕಡಲೆಕಾಯಿಯ ಬೀಜವೂ ಬಂದು ಕುಳಿತಿದೆ. ಅದು ಮೆಣಸಿನಕಾಯಿಯಂತೆಯೇ ಅಮೆರಿಕದ್ದು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರದ ಪರಿಷೆಯು ಅದರ ಹೆಸರಿನಿಂದಲೇ ನಡೆಯುವುದು. ಹುಗ್ಗಿಯು ಹೊಸಬನನ್ನು ಒಳಗೆ ಬಿಡಲಿಲ್ಲ, ಎಳ್ಳುಬೆಲ್ಲವು ಬಿಟ್ಟಿತು. ನೈವೇದ್ಯಕ್ಕೂ ಬೀರುವ ತಿನಿಸಿಗೂ ಇರುವ ಅಂತರವು ಇದರಿಂದ ತಿಳಿಯಬರುವುದು.

ಇನ್ನು ಕಾಲನಿರ್ಣಯದ ಪ್ರಶ್ನೆ ಉಳಿಯಿತು. ಈ ಆಹಾರಗಳನ್ನು ರಾಶಿಗೆ ಕಟ್ಟಿರುವುದರಿಂದ ಇದು ಸಣ್ಣ ವಿಷಯವಲ್ಲ. ಉತ್ತರಾಯಣವು ಹಿಂದೆ ಧನಿಷ್ಠೆಯ ಆದಿಯಲ್ಲಿ ಆಗುತ್ತಿತ್ತೆಂದು ಪೂರ್ವಶಾಸ್ತ್ರಗಳಲ್ಲಿದೆ, ಈಗ ಮಕರಾದಿಯಲ್ಲಿ ಆಗುತ್ತಿದೆ, ಸಂದೇಹವಿದ್ದರೆ ನೆರಳನ್ನು ಅಳೆದು ಪರೀಕ್ಷಿಸಿರಿ ಎಂದು 6ನೆಯ ಶತಮಾನದಲ್ಲಿ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿರುವನು. ಅವನ ಕಾಲಕ್ಕೆ ಅಯನವೂ ಮಕರಸಂಕ್ರಮಣವೂ ಕೂಡಿಕೊಂಡಿದ್ದುವು. ಆಮೇಲೆ ಅಗಲುತ್ತ ಬಂದುವು. ಸೂರ್ಯಸಿದ್ಧಾಂತದ ವರ್ಷಮಾನವು 365 ದಿನ 15 ಘಳಿಗೆ 31 ವಿಘಳಿಗೆಗಳಿಗೆ ಮೇಲೆ. ಋತುಗಳನ್ನು ಮಾಡುವ ಸಾಯನವರ್ಷವು 365 ದಿನ 14 ಘಳಿಗೆ 32 ವಿಘಳಿಗೆ. ಅಂತರವು ವರ್ಷಕ್ಕೆ ಹೆಚ್ಚುಕಡಮೆ ಒಂದು ಘಳಿಗೆ. ಎಂದರೆ ಪ್ರಭವಾದಿ ಅರುವತ್ತು ಸಂವತ್ಸರಗಳ ಚಕ್ರವು ಒಂದು ಸಲ ಉರುಳುವಷ್ಟರಲ್ಲಿ ಸಂಕ್ರಾಂತಿಯು ಅಯನದಿಂದ ಒಂದು ದಿನ ಹಿಂದೆ ಬೀಳುವುದು. ಸೂಕ್ಷ್ಮವಾದ ದೃಗ್ಗಣಿತದಂತೆ ಇದಕ್ಕೆ ಸುಮಾರು 71 ವರ್ಷ ಬೇಕು. ಚಾಲುಕ್ಯ ಹೊಯ್ಸಳರ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ನಿಮಿತ್ತವಾಗಿ ಕೊಟ್ಟ ದತ್ತಿಗಳು ಹೇರಳವಾಗಿವೆ. 12ನೆಯ ಶತಮಾನದಲ್ಲಿ ಆ ಸಂಕ್ರಮಣವು ಜೂಲಿಯನ್ ಗಣನೆಯ ಡಿಸೆಂಬರ್ 24 ಅಥವಾ 25ಕ್ಕೆ ಬೀಳುತ್ತಿತ್ತು. ನಿಜವಾದ ಅಯನವು ಅದೇ ಗಣನೆಯ 15ರ ಸುಮಾರಿಗೇ ಆಗಿಹೋಗಿರುತ್ತಿತ್ತು. ಸ್ವಾಮಿ ವಿವೇಕಾನಂದರು ಜನಿಸಿದ 1863ನೆಯ ಜನವರಿ 12 ಮಕರಸಂಕ್ರಾಂತಿ. ಈಗ ಅದು ಜನವರಿ 14 ಅಥವಾ 15ಕ್ಕೆ ಬರುತ್ತಿದೆ. ಅಯನವು ಡಿಸೆಂಬರ್ 21 ಅಥವಾ 22ಕ್ಕೆ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗಸುಧಾರಣ ಸಮಿತಿಯ ಸಲಹೆಯಂತೆ 1957ರಲ್ಲಿ ಆಚರಣೆಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಸಾಯನವರ್ಷವನ್ನೇ ಹಿಡಿದು ಪೌಷಮಾಸವನ್ನು ಡಿಸೆಂಬರ್ 22ಕ್ಕೆ ಆರಂಭಿಸಿರುವರು. ಎಳ್ಳುಬೆಲ್ಲವನ್ನೂ ಆ ದಿನಕ್ಕೇ ಒಯ್ಯಬೇಕೆಂಬುದು ಕೆಲವು ಸುಧಾರಕರ ವಾದ.

ಈ ವಾದವನ್ನು ಆಹಾರದ ದೃಷ್ಟಿಯಿಂದ ತೂಗಿ ನೋಡತಕ್ಕದ್ದು. ಅಷ್ಟಾಂಗಸಂಗ್ರಹದಲ್ಲಿ ಋತುವನ್ನು ಗುರುತಿಸುವುದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಮಾಸ, ರಾಶಿ, ಸ್ವರೂಪ. ಇವುಗಳಲ್ಲಿ ಹಿಂದಿನದಕ್ಕಿಂತ ಮುಂದಿನದು ಬಲವತ್ತರ; ಆಯಾ ಚರ್ಯೆಯನ್ನು ಅದರಂತೆಯೇ ನಡಸಬೇಕು. ಎಂದರೆ ತಿಂಗಳಿಗಿಂತ ರಾಶಿಯು ಹೆಚ್ಚು, ರಾಶಿಗಿಂತಲೂ ಚಳಿ ಬಿಸಿಲು ಮಳೆಗಳ ಪ್ರತ್ಯಕ್ಷ ಸ್ವರೂಪವು ಹೆಚ್ಚು. ವೈದ್ಯಶಾಸ್ತ್ರವು ಪಂಚಾಂಗದ ಕೈಯಿಂದ ಅಧಿಕಾರವನ್ನು ತೆಗೆದು ಮೈಯ ಅನುಭವಕ್ಕೆ ಕೊಟ್ಟಿರುವ ಈ ಮಾತು ಗಂಭೀರವಾದುದು. ಸ್ವರೂಪದಿಂದ ನೋಡಿದರೆ, ಅಯನವಾದ ದಿನವೇ ಚಳಿಯು ತುದಿಗೇರುವುದಿಲ್ಲ. ನೆಲವು ಮತ್ತೂ ಕೆಲವು ವಾರ ತಣಿಯುತ್ತಲೇ ಹೋಗುವುದು. ಮೇಲೆ ಹೇಳಿದ 1884ರ ಬೆಂಗಳೂರಿನ ಚಳಿಯೂ ಸಂಕ್ರಾಂತಿಯ ಆಸುಪಾಸಿನದೇ. ವರಾಹಮಿಹಿರನ ಕಾಲದಲ್ಲಿ ಧನುರ್ಮಾಸವು ಅಯನಕ್ಕೆ ಮುಂಚೆಯೇ ಮುಗಿದು, ಹುಗ್ಗಿಯ ಉಷ್ಣವು ಚಳಿಯ ತುದಿಗಿಂತ ಮೊದಲೇ ತೀರುತ್ತಿತ್ತು. ಈಗ ರಾಶಿಯು ಜಾರಿ ಜಾರಿ ಚಳಿಯ ನಡುವಿಗೇ ಬಂದು ಕೂತಿದೆ. ಆದುದರಿಂದ ಆಹಾರದ ಮಟ್ಟಿಗೆ ಈಗಿನ ಸಂಕ್ರಾಂತಿಯು ಕದಲಿಸಬೇಕಾದ ಸ್ಥಳದಲ್ಲಿಲ್ಲ. ಆದರೆ ಇದು ಗಣಿತದ ಜಾರಿಕೆಯಿಂದ ಒದಗಿದ ಹೊಂದಿಕೆ; ಅದೇ ಜಾರಿಕೆಯು ಮುಂದೊಂದು ಕಾಲದಲ್ಲಿ ಎಳ್ಳನ್ನೂ ತುಪ್ಪವನ್ನೂ ವಸಂತಕ್ಕೆ ಒಯ್ದು ಹಾಕುವುದು. ಶಿಶಿರದಲ್ಲಿ ಕೂಡಿದ ಕಫವು ಬಿಸಿಲಿಗೆ ಕರಗುವ ಆ ಋತುವಿನಲ್ಲಿ ಗುರು, ಸ್ನಿಗ್ಧ, ಮಧುರಗಳೆಲ್ಲ ನಿಷಿದ್ಧ. ಆಗಿನವರು ರಾಶಿಯನ್ನು ಹಿಡಿಯುವರೋ ಸ್ವರೂಪವನ್ನು ಹಿಡಿಯುವರೋ ಅವರಿಗೆ ಬಿಟ್ಟದ್ದು. ಸಂಗ್ರಹಕಾರನ ತೀರ್ಪಂತೂ ಸ್ಪಷ್ಟವಾಗಿದೆ.

ಹೊಲದ ಪೈರಿಗೆ ಈ ಕಷ್ಟವಿಲ್ಲ. ಹಳೆಯ ತಳಿಯ ಅವರೆಯು ಹಗಲು ಕುಗ್ಗಿದಾಗಲೇ ಹೂಬಿಡುವ ಗಿಡ. ಅದಕ್ಕೆ ಧನಿಷ್ಠೆಯೂ ಗೊತ್ತಿಲ್ಲ, ಮಕರವೂ ಗೊತ್ತಿಲ್ಲ. ಪಂಚಾಂಗವು ಎತ್ತ ಸರಿದರೂ ಅದು ದಕ್ಷಿಣಾಯನದ ಕೊನೆಯ ಕಿರುಹಗಲುಗಳಲ್ಲಿಯೇ ಕಾಯಿ ಕಟ್ಟಿ ಮಾಗಿಗೆ ಸಿದ್ಧವಾಗುತ್ತ ಬಂದಿದೆ. ಹಗಲಿನ ಹ್ರಾಸವೃದ್ಧಿಗಳಿಗೆ ಒಳಪಡದೆ ಯಾವ ಕಾಲದಲ್ಲಿ ಬಿತ್ತಿದರೂ ಫಲಿಸುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈಚೆಗೆ ಸಿದ್ಧಪಡಿಸಿರುವರು. ಆದುದರಿಂದ ಅವರೆಕಾಳು ವೈಶಾಖದಲ್ಲಿಯೂ ಅಂಗಡಿಗೆ ಬರುತ್ತದೆ. ಕೊಳ್ಳುವ ಮುದುಕಿಯರು ಆಗಲೂ ಒಂದು ಕಾಯನ್ನು ಎತ್ತಿಕೊಂಡು, ಉಗುರಿನಿಂದ ಸಿಪ್ಪೆಯನ್ನು ಗೀರಿ ಮೂಗಿನ ಹತ್ತಿರ ಹಿಡಿದು, ಸೊಗಡಿಲ್ಲವೆಂದು ಹೇಳಿ ತಿರುಗಿ ಬುಟ್ಟಿಯಲ್ಲಿ ಹಾಕುವುದುಂಟು.